ನೆಲದಿಂದ ಸಿಕ್ಕ ಜರ್ಮನ್ ನೌಕಾಪಡೆಯ ಬ್ಯಾಡ್ಜ್ ಗುರುತಿಸುವುದು ಹೇಗೆ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆ, ಅಂದರೆ ಕ್ರೀಗ್ಸ್‌ಮರೀನ್, ಬೀಡುಬಿಟ್ಟಿದ್ದ ನಾರ್ವೆಯ ಕರಾವಳಿ, ಫ್ರಾನ್ಸಿನ ಬ್ರಿಟನಿ, ಕೀಲ್ ಮತ್ತು ವಿಲ್‌ಹೆಲ್ಮ್ಸ್‌ಹಾಫೆನ್ ಸುತ್ತಮುತ್ತಲಿನ ಮಣ್ಣಿನಲ್ಲಿ ಮೆಟಲ್ ಡಿಟೆಕ್ಟರ್‌ಗೆ ಹೆಚ್ಚಾಗಿ ಸಿಗುವುದು ಲಂಗರು ಮುದ್ರೆಯ ಗುಂಡಿಗಳು. ಯುದ್ಧ ಬ್ಯಾಡ್ಜ್ ಸಿಗುವುದು ಅಪರೂಪ. ಸಿಕ್ಕರೂ ಅದು ಮಣ್ಣು ಮೆತ್ತಿದ, ಅಂಚು ತಿಂದುಹೋದ ಬಿಲ್ಲೆಯಂತೆ ಕಾಣುತ್ತದೆ. ಅದನ್ನು ಅಲ್ಲೇ ಉಜ್ಜಿ ನೋಡುವ ಆಸೆಯನ್ನು ತಡೆದುಕೊಳ್ಳಬೇಕು. ಗುರುತಿಸಲು ಬೇಕಾದ ಸುಳಿವುಗಳಲ್ಲಿ ಅರ್ಧದಷ್ಟು, ಗಿಲೀಟಿನ ಉಳಿಕೆ, ತಯಾರಕರ ಅಕ್ಷರ, ಪಿನ್ನಿನ ಬೆಸುಗೆ, ಎಲ್ಲ ಆ ಮೇಲ್ಪದರದಲ್ಲೇ ಇರುತ್ತವೆ.

ಅಗೆಯುವಾಗ ಸಿಗ್ನಲ್‌ನ ಮಧ್ಯಬಿಂದುವಿನಿಂದ ಕನಿಷ್ಠ 10 ಸೆಂ.ಮೀ. ದೂರದಲ್ಲಿ ಸಲಿಕೆ ಹಾಕಿ, ಮಣ್ಣಿನ ಹೆಂಟೆಯನ್ನು ಇಡಿಯಾಗಿ ಎತ್ತಿ, ಪಿನ್‌ಪಾಯಿಂಟರ್‌ನಿಂದ, ಅಂದರೆ ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್‌ನಿಂದ, ಹುಡುಕಿ. ಸತುವಿನ ಬ್ಯಾಡ್ಜ್ ಎಂಟು ದಶಕ ನೆಲದಲ್ಲಿದ್ದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಕಬ್ಬಿಣವನ್ನು ಪೂರ್ತಿ ತಳ್ಳಿಹಾಕುವಂತೆ ಡಿಟೆಕ್ಟರ್ ಇಟ್ಟಿದ್ದರೆ ಬ್ಯಾಡ್ಜ್ ತಪ್ಪಿಹೋಗಬಹುದು. ಹಿಂಬದಿಯ ಪಿನ್ ಹಲವು ಸಲ ಕಬ್ಬಿಣದ್ದೇ ಆಗಿರುವುದರಿಂದ ಡಿಟೆಕ್ಟರ್ ಪರದೆಯಲ್ಲಿ ಲೋಹವನ್ನು ಸೂಚಿಸುವ ಸಂಖ್ಯೆ ಮೇಲೆ ಕೆಳಗೆ ಜಿಗಿಯುತ್ತದೆ. ಅಂಥ ಸಿಗ್ನಲ್ಲನ್ನೂ ಅಗೆದು ನೋಡಿ.

ಮೊದಲು ಆಕಾರ ನೋಡಿ. ಅಡ್ಡಲಾಗಿ ಮಲಗಿದ ಅಂಡಾಕಾರ, ಸುಮಾರು 48 ಮಿ.ಮೀ. ಅಗಲ, 39 ಮಿ.ಮೀ. ಎತ್ತರ ಇದ್ದರೆ ಅದು ಬಹುಮಟ್ಟಿಗೆ ಜಲಾಂತರ್ಗಾಮಿ ಬ್ಯಾಡ್ಜ್. ಪೂರ್ತಿ ದುಂಡಗೆ, 51 ಮಿ.ಮೀ. ಆಸುಪಾಸಿನದಾದರೆ ದಿಗ್ಬಂಧನ ಭೇದಿಸಿದ ಹಡಗುಗಳ ಸಿಬ್ಬಂದಿಗೆ ಕೊಟ್ಟದ್ದು. ಸರಪಳಿ ಸೀಳಿಕೊಂಡು ಬರುವ ಹಡಗು, ಅದರ ಮುಂದೆ ಹದ್ದು. ಉಳಿದವೆಲ್ಲ ನಿಂತ ಅಂಡಾಕಾರದ ಎಲೆಹಾರ, ನೆತ್ತಿಯಲ್ಲಿ ಸ್ವಸ್ತಿಕ ಹಿಡಿದ ಹದ್ದು. ಹಾರದ ಒಳಗೆ ಏನಿದೆ ಎಂಬುದರ ಮೇಲೆ ಹೆಸರು ನಿರ್ಧಾರ.

ಹಾರದ ಎಡಭಾಗವನ್ನು ಸೀಳಿಕೊಂಡು ಹಡಗಿನ ಮೂತಿ ಹೊರಬಂದಿದ್ದರೆ ಡಿಸ್ಟ್ರಾಯರ್ ಬ್ಯಾಡ್ಜ್. ನಾರ್ವೆಯ ನಾರ್ವಿಕ್‌ನಲ್ಲಿ ಮುಳುಗಿದ ವಿಲ್‌ಹೆಲ್ಮ್ ಹೈಡ್‌ಕಾಂಪ್ ಹಡಗೇ ಅದಕ್ಕೆ ಮಾದರಿ. ಸಮುದ್ರದಿಂದ ನೀರಿನ ಕಂಬ ಚಿಮ್ಮುತ್ತಿದ್ದರೆ ಮೈನ್ ತೆಗೆಯುವ, ಜಲಾಂತರ್ಗಾಮಿ ಬೇಟೆಯಾಡುವ, ಬೆಂಗಾವಲು ಹೋಗುವ ಪಡೆಗಳದ್ದು. ಎದುರಿಗೇ ನುಗ್ಗಿ ಬರುವ ಯುದ್ಧನೌಕೆ ಇದ್ದರೆ ಫ್ಲೀಟ್ ಬ್ಯಾಡ್ಜ್. ಭೂಗೋಳದ ಮೇಲೆ ವೈಕಿಂಗ್ ಹಡಗು ತೇಲುತ್ತಿದ್ದರೆ ಹಿಲ್ಫ್ಸ್‌ಕ್ರೋಯ್ಸರ್, ವ್ಯಾಪಾರಿ ಹಡಗಿನ ವೇಷದಲ್ಲಿ ದಾಳಿ ಮಾಡುತ್ತಿದ್ದ ಹಡಗುಗಳದ್ದು. 1940ರಲ್ಲಿ ನಮ್ಮ ಹಿಂದೂ ಮಹಾಸಾಗರದಲ್ಲಿ ಹಡಗುಗಳನ್ನು ಹಿಡಿಯುತ್ತಿದ್ದ ಅಟ್ಲಾಂಟಿಸ್ ಈ ಗುಂಪಿನದೇ. ಕರಾವಳಿ ಫಿರಂಗಿ ಕಂಡರೆ ನೌಕಾ ಫಿರಂಗಿದಳದ ಬ್ಯಾಡ್ಜ್. ವೇಗದ ಟಾರ್ಪೆಡೊ ದೋಣಿ ಕಂಡರೆ ಎಸ್-ಬೋಟ್ ಬ್ಯಾಡ್ಜ್. ಇದರಲ್ಲಿ ಎರಡು ಮಾದರಿಗಳಿವೆ. 1943ರಲ್ಲಿ ಬಂದ ಎರಡನೆಯದರಲ್ಲಿ ದೋಣಿ ಹೊಸ ಬಗೆಯದು, ಉದ್ದವೂ ಹೆಚ್ಚು.

ಹೆಸರು ಸಿಕ್ಕ ಕೂಡಲೇ ದಿನಾಂಕವನ್ನು ಜಾಗದ ಜೊತೆ ತಾಳೆ ಹಾಕಿ. ಇದನ್ನು ಬಿಟ್ಟವರೇ ಹೆಚ್ಚು ಮೋಸಹೋಗುತ್ತಾರೆ. ಜಲಾಂತರ್ಗಾಮಿ ಬ್ಯಾಡ್ಜ್ ಸ್ಥಾಪನೆಯಾದದ್ದು 13 ಅಕ್ಟೋಬರ್ 1939ರಂದು, ಡಿಸ್ಟ್ರಾಯರ್‌ನದು 4 ಜೂನ್ 1940ರಂದು, ಮೈನ್ ತೆಗೆಯುವವರದು 31 ಆಗಸ್ಟ್ 1940ರಂದು. ಉಳಿದವು 1941ರವು: ದಿಗ್ಬಂಧನ ಭೇದಿಸಿದವರದು ಏಪ್ರಿಲ್ 1, ಹಿಲ್ಫ್ಸ್‌ಕ್ರೋಯ್ಸರ್ ಏಪ್ರಿಲ್ 24, ಫ್ಲೀಟ್ ಏಪ್ರಿಲ್ 30, ಎಸ್-ಬೋಟ್ ಮೇ 30, ನೌಕಾ ಫಿರಂಗಿದಳ ಜೂನ್ 24. ಈಗ ನಾರ್ವಿಕ್ ಬೆಟ್ಟದ ಮೇಲಿನ ಕಾಳಗದ ನೆಲೆಯಲ್ಲಿ ಡಿಸ್ಟ್ರಾಯರ್ ಬ್ಯಾಡ್ಜ್ ಸಿಕ್ಕಿತು ಎನ್ನೋಣ. ಹಡಗು ಕಳೆದುಕೊಂಡ ನಾವಿಕರು ಅಲ್ಲಿ ನೆಲದ ಮೇಲೆ ಹೋರಾಡಿದ್ದು ನಿಜ. ಆದರೆ ಆ ಹೋರಾಟ 1940ರ ಜೂನ್ ಎರಡನೆಯ ವಾರಕ್ಕೆ ಮುಗಿದಿತ್ತು. ಬ್ಯಾಡ್ಜ್ ತಯಾರಾಗಿ ನಾವಿಕರ ಎದೆ ಸೇರಿದ್ದು ಆಮೇಲೆ. ಅಂದರೆ ಅದು ಮುಂದಿನ ವರ್ಷಗಳ ಕಾವಲುಪಡೆಯವರು ಕಳೆದುಕೊಂಡದ್ದಿರಬೇಕು, ಇಲ್ಲವೇ ಯಾರೋ ಈಚೆಗೆ ಹೂತಿಟ್ಟದ್ದು.

ಲೋಹ ತಿಳಿಯುವುದು ಮುಂದಿನ ಕೆಲಸ. ಆರಂಭದ ಬ್ಯಾಡ್ಜ್‌ಗಳು ಟೊಂಬಾಕ್‌ನವು. ತಾಮ್ರದ ಪಾಲು ಹೆಚ್ಚಿರುವ ಹಿತ್ತಾಳೆ ಅದು. ತಾಮ್ರಕ್ಕೆ ಕೊರತೆ ಬಂದಂತೆ ಸತುವಿನವು ಹೆಚ್ಚಾದವು. ನೆಲದಲ್ಲಿ ಟೊಂಬಾಕ್ ಹಸಿರು ಇಲ್ಲವೇ ಕಂದು ಕಿಲುಬು ಹಿಡಿಯುತ್ತದೆ, ಆದರೆ ಎಲೆಯ ನರಗಳು ಚೂಪಾಗಿಯೇ ಉಳಿಯುತ್ತವೆ, ಹೊಂಡಗಳಲ್ಲಿ ಗಿಲೀಟು ಮಿನುಗುತ್ತದೆ. ಸತು ಬೂದು ಬಣ್ಣಕ್ಕೆ ತಿರುಗಿ, ಬಿಳಿ ಪುಡಿ ಬಿಟ್ಟು, ಗುಳ್ಳೆ ಎದ್ದಿರುತ್ತದೆ. ಗಿಲೀಟು ಪೂರ್ತಿ ಹೋಗಿರುವುದೇ ಹೆಚ್ಚು.

ಕಣ್ಣಿಗೆ ಖಚಿತವಾಗದಿದ್ದರೆ ತೂಗಿ ನೋಡಿ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಬ್ಯಾಡ್ಜ್‌ನ ಒಣ ತೂಕ ಬರೆದುಕೊಳ್ಳಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಬ್ಯಾಡ್ಜನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರಿಸುವ ಗ್ರಾಂ ಎಷ್ಟೋ ಬ್ಯಾಡ್ಜ್‌ನ ಗಾತ್ರ ಅಷ್ಟು ಘನ ಸೆಂ.ಮೀ. ಒಣ ತೂಕವನ್ನು ಅದರಿಂದ ಭಾಗಿಸಿ. 27 ಗ್ರಾಂ ತೂಗುವ ಬ್ಯಾಡ್ಜ್‌ಗೆ 3.1 ಬಂದರೆ ಸಾಂದ್ರತೆ 8.7, ಟೊಂಬಾಕ್. 3.8 ಬಂದರೆ 7.1, ಸತು. ಅಂಟಿಕೊಂಡ ಮಣ್ಣು, ಗಾಳಿಗುಳ್ಳೆ, ತುಕ್ಕು ಇವೆಲ್ಲ ಸಂಖ್ಯೆಯನ್ನು ಕೆಳಗೆ ಎಳೆಯುತ್ತವೆ, ಹಾಗಾಗಿ ಕೊಳೆತ ಸತು 6.5ಕ್ಕೂ ಇಳಿಯಬಹುದು. ತವರದ ಮಿಶ್ರಲೋಹದ ನಕಲಿಗಳು 7.3ರ ಹತ್ತಿರ ಬರುವುದರಿಂದ ಸತುವಿನ ವಿಷಯದಲ್ಲಿ ಈ ಪರೀಕ್ಷೆಯೊಂದನ್ನೇ ನಂಬಬಾರದು.

ಹಿಂಬದಿಯನ್ನು ನಿಧಾನವಾಗಿ ಓದಿ. ನಮ್ಮ ಮಟ್ಟಿಗೆ ಅಸಲಿ ನಕಲಿ ತೀರ್ಮಾನ ನಡೆಯುವುದೇ ಅಲ್ಲಿ. ಬರ್ಲಿನ್ನಿನ ಶ್ವೇರಿನ್ ಸಂಸ್ಥೆಯ ಬ್ಯಾಡ್ಜ್‌ಗಳಲ್ಲಿ ‘ಶ್ವೇರಿನ್ ಬರ್ಲಿನ್ 68’ ಎಂದಿರುತ್ತದೆ. ಅವರ ಎಷ್ಟೋ ಬ್ಯಾಡ್ಜ್‌ಗಳಲ್ಲಿ ವಿನ್ಯಾಸಕಾರನ ಹೆಸರೂ ಉಂಟು: ಫ್ಲೀಟ್‌ನಲ್ಲಿ ಅಡಾಲ್ಫ್ ಬಾಕ್, ಮೈನ್ ತೆಗೆಯುವವರದರಲ್ಲಿ ಒಟ್ಟೊ ಪ್ಲಾಚೆಕ್, ಎಸ್-ಬೋಟ್‌ನಲ್ಲಿ ಪೀಕ್‌ಹೌಸ್. ಹೆಸರು ಒಂದು, ಚಿತ್ರ ಇನ್ನೊಂದು ಆಗಿದ್ದರೆ ಅಲ್ಲಿಗೇ ಸಂಶಯಪಡಿ. ಗುರುತೇ ಇಲ್ಲದ ಅಸಲಿಗಳೂ ಇವೆ. ಪ್ಯಾರಿಸ್‌ನ ಬಾಕ್‌ವಿಲ್ ಹೆಸರು ಕಂಡರೆ ವಿಚಿತ್ರವೆಂದು ತಳ್ಳಬೇಡಿ, ಆ ಫ್ರೆಂಚ್ ಕಾರ್ಖಾನೆ ಯುದ್ಧದಲ್ಲಿ ಇವನ್ನು ತಯಾರಿಸಿತ್ತು.

ಅಚ್ಚೊತ್ತಿದ ಬ್ಯಾಡ್ಜ್‌ನ ತಳಭಾಗ ನಯವಾಗಿ, ಅಕ್ಷರದ ಅಂಚು ಚೂಪಾಗಿ ಇರುತ್ತದೆ. ಎರಕದ ನಕಲಿಯಲ್ಲಿ 10 ಪಟ್ಟಿನ ಲೆನ್ಸ್‌ಗೆ ದುಂಡನೆಯ ಸಣ್ಣ ತೂತುಗಳು, ಅಂಚಿನ ಸುತ್ತ ಅರದಿಂದ ಉಜ್ಜಿದ ಜೋಡಣೆ ಗೆರೆ, ಮಸುಕಾದ ಎಲೆಗಳು ಕಾಣುತ್ತವೆ. ಸತುವಿನ ತುಕ್ಕು ತೂತುಗಳನ್ನು ಎರಕದ ತೂತುಗಳೆಂದು ಭ್ರಮಿಸುವುದು ಸುಲಭ. ತುಕ್ಕಿನವು ಅಡ್ಡಾದಿಡ್ಡಿ ಆಕಾರದವು, ಬಿಳಿ ಪುಡಿ ತುಂಬಿದವು. ಇನ್ನೊಂದು ಮಾತು, ಅಸಲಿಯಿಂದ ಅಚ್ಚು ತೆಗೆದು ಎರೆದದ್ದು ತಣಿಯುವಾಗ ಕುಗ್ಗುವುದರಿಂದ ಅಳತೆಯಲ್ಲಿ ಚೂರು ಚಿಕ್ಕದಿರುತ್ತದೆ. ಕ್ಯಾಲಿಪರ್ ಹಿಡಿಯಲು ಇದೇ ಕಾರಣ.

ಹದ್ದಿನ ಕಾಲಡಿ ಸ್ವಸ್ತಿಕ ಇಲ್ಲದಿದ್ದರೆ ಎರಡು ಸಾಧ್ಯತೆಗಳು. ಮುರಿದ ಇಲ್ಲವೇ ಅರದ ಗುರುತಿದ್ದರೆ ಯಾರೋ ತೆಗೆದಿದ್ದಾರೆ. ಆ ಜಾಗ ಮೊದಲಿಂದಲೇ ನಯವಾಗಿದ್ದರೆ ಪಶ್ಚಿಮ ಜರ್ಮನಿಯ 1957ರ ಕಾನೂನಿನ ಪ್ರಕಾರ ಮತ್ತೆ ತಯಾರಿಸಿದ್ದು, ಯುದ್ಧಕಾಲದ್ದಲ್ಲ. ಜಲಾಂತರ್ಗಾಮಿಯ ಮೇಲೆ ಹದ್ದಿನ ಬದಲು ದೊಡ್ಡ ಕಿರೀಟ ಇದ್ದರೆ ಅದು ಮೊದಲ ಮಹಾಯುದ್ಧದ 1918ರ ಚಕ್ರಾಧಿಪತ್ಯದ ಬ್ಯಾಡ್ಜ್.

ಶುಚಿ ಮಾಡಲು ಡಿಸ್ಟಿಲ್ಡ್ ನೀರು, ಮೆತ್ತನೆಯ ಬ್ರಷ್, ಬಿದಿರಿನ ಕಡ್ಡಿ ಸಾಕು. ನಮ್ಮ ಮನೆಗಳಲ್ಲಿ ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಿಂಬೆ, ವಿನಿಗರ್ ಯಾವುದನ್ನೂ ಹತ್ತಿರ ತರಬೇಡಿ. ಹುಳಿ ಸತುವನ್ನು ಕರಗಿಸುತ್ತದೆ, ಉಳಿದ ಗಿಲೀಟು ಚಕ್ಕೆಯಾಗಿ ಎದ್ದುಬಿಡುತ್ತದೆ. ಸತುವನ್ನು ನೆನೆಹಾಕುವುದೂ ಬೇಡ, ತೊಳೆದ ಕೂಡಲೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಣಗಿಸಿ.

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದದ್ದು: ಅಲ್ಲಿ ಡಿಟೆಕ್ಟರ್ ಹಿಡಿದು ಪುರಾತತ್ವದ ವಸ್ತು ಹುಡುಕಲು ಆಯಾ ರಾಜ್ಯದ ಸ್ಮಾರಕ ಇಲಾಖೆಯ ಅನುಮತಿ ಬೇಕು, ಜಮೀನಿನ ಒಡೆಯರದ್ದೂ ಬೇಕು. ಈ ಸ್ವಸ್ತಿಕವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ಸಂಶೋಧನೆ, ಶಿಕ್ಷಣದಂಥ ಉದ್ದೇಶಕ್ಕೆ ವಿನಾಯಿತಿ ಇದೆ. ಹಾಗಾಗಿ ಫೋಟೊ ಹಂಚುವ ಮುನ್ನ ಆ ಭಾಗ ಮುಚ್ಚುವುದು ಲೇಸು. ಬಾಲ್ಟಿಕ್ ದಂಡೆಯಲ್ಲಿ, ಮುಖ್ಯವಾಗಿ ಉಸೆಡೋಮ್ ದ್ವೀಪದಲ್ಲಿ, ಅಂಬರ್ ಹರಳಿನಂತೆ ಕಾಣುವ ತುಂಡನ್ನು ಜೇಬಿಗೆ ಹಾಕಬೇಡಿ. ಅದು ಬಾಂಬಿನ ಬಿಳಿ ರಂಜಕವಾಗಿದ್ದರೆ ಒಣಗಿ ಮೈಶಾಖಕ್ಕೆ ಹೊತ್ತಿಕೊಳ್ಳುತ್ತದೆ. ಮದ್ದುಗುಂಡು ಕಂಡರೆ ಮುಟ್ಟದೆ ಗುರುತು ಇಟ್ಟು ದೂರ ಸರಿದು 110ಕ್ಕೆ ಕರೆಮಾಡಿ.

ಬ್ಯಾಡ್ಜ್ ಜೊತೆ ಮೂಳೆ, ಬೂಟು, ಮಧ್ಯದಲ್ಲಿ ಸೀಳುಗೆರೆ ಇರುವ ಅಂಡಾಕಾರದ ಗುರುತಿನ ಬಿಲ್ಲೆ ಕಂಡರೆ ಅದು ಸಮಾಧಿ. ಅಗೆತ ನಿಲ್ಲಿಸಿ, ಏನನ್ನೂ ಎತ್ತದೆ ಪೊಲೀಸರಿಗೆ ತಿಳಿಸಿ. ಬಿಲ್ಲೆಯ ಸಂಖ್ಯೆ ಸ್ಥಳದಲ್ಲೇ ಉಳಿದರೆ ಮಾತ್ರ ಜರ್ಮನ್ ಯುದ್ಧಸಮಾಧಿ ಸಂಸ್ಥೆಯಾದ ಫೋಕ್ಸ್‌ಬುಂಡ್‌ನವರಿಗೆ ಆ ನಾವಿಕನ ಹೆಸರು ಪತ್ತೆಹಚ್ಚಿ ಅವನ ಮನೆಯವರಿಗೆ ತಿಳಿಸಲು ದಾರಿಯಿರುತ್ತದೆ.