ಜಿರ್ಕೋನಿಯಾ ಕ್ಯಾಪ್‌ಗೆ ಹಲ್ಲು ಟ್ರಿಮ್ ಮಾಡುವ ಬಗೆ: ನನ್ನ ಅನುಭವ

ಜಿರ್ಕೋನಿಯಾ ಎಂಬ ಸೆರಾಮಿಕ್ ಗಟ್ಟಿ, ಹಲ್ಲನ್ನು ಹೇಗೆ ಟ್ರಿಮ್ ಮಾಡಿದರೂ ನಡೆಯುತ್ತದೆ ಎಂದುಕೊಳ್ಳುವವರು ಬಹಳ ಮಂದಿ. ಕ್ರೌನ್ (ಕ್ಯಾಪ್) ಒಡೆಯದೇ ಇರಬಹುದು, ಆದರೆ ಸರಿಯಾಗಿ ಕೂರುವುದಿಲ್ಲ. ಲೋಹದ ಕ್ಯಾಪ್ ಮೇಣದಲ್ಲಿ ರೂಪುಗೊಂಡು ಎರಕವಾಗುತ್ತದೆ. ಮೇಣ ಎಂಥ ಚೂಪು ಅಂಚನ್ನೂ ಅಚ್ಚುಕಟ್ಟಾಗಿ ಅಪ್ಪಿಕೊಳ್ಳುತ್ತದೆ. ಜಿರ್ಕೋನಿಯಾವನ್ನು ಕಡೆಯುವುದು ಯಂತ್ರದ ದುಂಡು ತುದಿಯ ಬರ್ (ತಿರುಗುತ್ತ ಕೊರೆಯುವ ಮೊನೆ), ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನ ದಪ್ಪದ್ದು. ಪ್ರೆಪ್‌ನಲ್ಲಿ, ಅಂದರೆ ಟ್ರಿಮ್ ಮಾಡಿದ ಹಲ್ಲಿನಲ್ಲಿ, ಚೂಪು ಮೂಲೆ ಉಳಿದರೆ ಕ್ರೌನಿನ ಒಳಗೆ ಅದಕ್ಕೆ ಸರಿಯಾದ ಸಂದು ಬೇಕು, ಆ ಸಂದಿಗೆ ಬರ್ ಹೋಗುವುದಿಲ್ಲ. ಆಗ ಸಾಫ್ಟ್‌ವೇರ್ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೊರೆಯುತ್ತದೆ. ಒಳಗೆ ಸಡಿಲ, ಗೋಡೆ ತೆಳು. ಮುಂದಿನ ಹಲ್ಲಿನ ಕಚ್ಚುವ ಅಂಚು 1 ಮಿ.ಮೀ.ಗಿಂತ ತೆಳುವಾಗಿದ್ದರೂ ಇದೇ ಗತಿ. ಹೀಗಾಗಿ ನಾನು ಪ್ರೆಪ್ ಮಾಡುವಾಗ ಯಂತ್ರದ ಬರ್ ಎಲ್ಲೆಲ್ಲಿ ಓಡಾಡಬಹುದು ಎಂಬುದನ್ನೇ ಲೆಕ್ಕ ಹಾಕುತ್ತಿರುತ್ತೇನೆ.

36ನೇ ಹಲ್ಲನ್ನೇ (ಕೆಳಗಿನ ಎಡಬದಿಯ ಮೊದಲ ದವಡೆಹಲ್ಲು) ತೆಗೆದುಕೊಳ್ಳಿ, ಆರ್‌ಸಿಟಿ (ಬೇರುನಾಳ ಚಿಕಿತ್ಸೆ) ಆಗಿ ಕ್ಯಾಪ್‌ಗೆ ಬರುವವುಗಳಲ್ಲಿ ಅದೇ ಮಾಮೂಲು. ಬರ್ ಮುಟ್ಟಿಸುವ ಮೊದಲೇ ಪುಟ್ಟಿಯಲ್ಲಿ ಇಂಡೆಕ್ಸ್ (ಹಲ್ಲಿನ ಅಚ್ಚು) ತೆಗೆದು ನಡುವೆ ಸೀಳಿ ಇಟ್ಟುಕೊಳ್ಳುತ್ತೇನೆ, ಎಷ್ಟು ಟ್ರಿಮ್ ಆಯಿತೆಂದು ಆಮೇಲೆ ನೋಡಲು. ಪೂರ್ತಿ ಜಿರ್ಕೋನಿಯಾದ ಕ್ರೌನ್ ಆದರೆ ಮೇಲ್ಭಾಗದಲ್ಲಿ 1ರಿಂದ 1.5 ಮಿ.ಮೀ. ಜಾಗ ಸಾಕು. ಮೇಲೆ ಪೋರ್ಸಲೇನ್ ಪದರ ಬರುವುದಾದರೆ 2 ಮಿ.ಮೀ. ಬೇಕು. ಹೆಚ್ಚು ಪಾರಭಾಸಕವಾದ 5ವೈ (ಇಟ್ರಿಯಾ ಹೆಚ್ಚಿರುವ) ಬಗೆಗೆ 1.5 ಮಿ.ಮೀ. ಬಿಡುತ್ತೇನೆ, ಏಕೆಂದರೆ ಅದರ ಬಲ 3ವೈ (ಇಟ್ರಿಯಾ ಕಡಿಮೆಯಿರುವ) ಬಗೆಯ ಸುಮಾರು ಅರ್ಧ. ಯಾವುದು ಬೇಕೆಂದು ಲ್ಯಾಬ್‌ಗೆ ಮೊದಲೇ ಹೇಳದೆ ಪ್ರೆಪ್ ಶುರು ಮಾಡುವುದರಲ್ಲಿ ಅರ್ಥವಿಲ್ಲ.

ಡೆಪ್ತ್ ಬರ್‌ನಲ್ಲಿ (ಗೊತ್ತಾದ ಆಳಕ್ಕಷ್ಟೇ ಕೊರೆಯುವುದು) ಕಸ್ಪ್‌ಗಳ (ಹಲ್ಲಿನ ಮೇಲಿನ ದಿಬ್ಬಗಳ) ಇಳಿಜಾರಿನ ಮೇಲೂ ನಡುಗುಳಿಯಲ್ಲೂ ಗೆರೆ ಹಾಕಿ, ಆಮೇಲೆ ಗೆರೆಗಳ ನಡುವೆ ಉಳಿದದ್ದನ್ನು ತೆಗೆಯಬೇಕು. ಮೇಜಿನಂತೆ ಚಪ್ಪಟೆ ಮಾಡಿದರೆ ನಡುವೆ ಜಾಗ ಸಾಲದು, ಹಲ್ಲಿನ ಎತ್ತರ ಮಾತ್ರ ಸುಮ್ಮನೆ ಹೋಗುತ್ತದೆ. ಕೆಳಹಲ್ಲಿನಲ್ಲಿ ಕೆನ್ನೆ ಕಡೆಯ ಕಸ್ಪ್‌ಗೆ ಹೊರಬದಿಯಿಂದ ಬೆವೆಲ್ (ಓರೆ ಕಡಿತ) ಕೊಡುವುದನ್ನು ಮರೆತರೆ ಕ್ರೌನ್ ತೂತಾಗುವುದು ಅಲ್ಲೇ. ಜಾಗ ನೋಡುವಾಗ ಬಾಯಿ ಕಚ್ಚಿಸಿದರಷ್ಟೇ ಸಾಲದು, ದವಡೆಯನ್ನು ಎಡಕ್ಕೂ ಬಲಕ್ಕೂ ಜಾರಿಸಿಯೂ ನೋಡುತ್ತೇನೆ. ಬೈಟ್ ವ್ಯಾಕ್ಸ್ ಕಚ್ಚಿಸಿ ತೆಗೆದು, ಗೇಜ್‌ನಲ್ಲಿ ಅದರ ದಪ್ಪ ಅಳೆದರೆ ಅನುಮಾನಕ್ಕೆ ಎಡೆಯಿಲ್ಲ.

ಪಕ್ಕದ ಗೋಡೆಗಳಿಗೆ ದುಂಡು ತುದಿಯ ಟೇಪರ್ ಡೈಮಂಡ್. ಕೈ ವಾಲಿಸದೆ ಹಲ್ಲಿನ ಸುತ್ತ ಬಂದರೆ ಬರ್‌ನ ಇಳಿಜಾರೇ ಹಲ್ಲಿಗೂ ಬರುತ್ತದೆ. ಎದುರುಬದುರು ಗೋಡೆಗಳ ನಡುವಿನ ಒಟ್ಟು ಕೋನ 10ರಿಂದ 20 ಡಿಗ್ರಿ ಒಳಗಿರಲಿ, ದವಡೆಹಲ್ಲಿನ ಎತ್ತರ 4 ಮಿ.ಮೀ. ಉಳಿಯಲಿ. ಅಷ್ಟು ಎತ್ತರವಿಲ್ಲದ ಹಲ್ಲಿಗೆ ಮಾಮೂಲಿ ಸಿಮೆಂಟ್ ನಂಬುವುದಿಲ್ಲ. ಕ್ರೌನಿನ ಒಳಮೈಗೆ 50 ಮೈಕ್ರಾನ್ ಅಲ್ಯೂಮಿನಾ ಬ್ಲಾಸ್ಟ್ ಮಾಡಿ, ಎಂಡಿಪಿ (ಜಿರ್ಕೋನಿಯಾಗೆ ಅಂಟುವ ರಾಸಾಯನಿಕ) ಇರುವ ಪ್ರೈಮರ್ ಹಚ್ಚಿ, ರೆಸಿನ್ ಸಿಮೆಂಟ್ ಬಳಸುತ್ತೇನೆ.

ಇನ್ನು ಮಾರ್ಜಿನ್, ಅಂದರೆ ಪ್ರೆಪ್ ಮುಗಿದು ಕ್ರೌನಿನ ಅಂಚು ಕೂರುವ ಗೆರೆ. ಬೇಕಾದ್ದು 0.5ರಿಂದ 1 ಮಿ.ಮೀ. ಅಗಲದ ಚಾಂಫರ್ (ಒಳಮೂಲೆ ದುಂಡಗಿರುವ ಮೆಟ್ಟಿಲು), ಸುತ್ತಲೂ ಒಂದೇ ಸಮ. ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಎಂದರೆ ಅಂಚಿನಲ್ಲಿ ಎದ್ದು ನಿಲ್ಲುವ ತುಟಿ. 1.6 ಮಿ.ಮೀ. ತುದಿಯ ಬರ್ 0.8ಕ್ಕಿಂತ ಒಳಗೆ ಹೋದರೆ, ಅಂದರೆ ಅರ್ಧ ದಪ್ಪ ದಾಟಿದರೆ, ತುದಿಯ ಹೊರ ಅರ್ಧವೂ ಕೊರೆಯತೊಡಗಿ ಮಾರ್ಜಿನ್ ಚರಂಡಿಯ ಆಕಾರಕ್ಕೆ ಬರುತ್ತದೆ. ಆಚೆ ಉಳಿಯುವುದು ಆಧಾರವಿಲ್ಲದ ಎನಾಮೆಲ್‌ನ ತೆಳು ಏಣು. ಕನ್ನಡಿಯಲ್ಲಿ ಕಾಣದಿದ್ದರೂ ಪ್ರೋಬ್ ಒಳಗಿನಿಂದ ಹೊರಗೆ ಎಳೆದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಏಣು ಎಲ್ಲಿ ಮುಗಿಯುತ್ತದೆ ಎಂಬುದು ಸ್ಕ್ಯಾನ್‌ನಲ್ಲಿ ಸ್ಪಷ್ಟವಿರುವುದಿಲ್ಲ, ಲ್ಯಾಬ್‌ನವರು ಅಂದಾಜಿನ ಮೇಲೆ ಗೆರೆ ಎಳೆಯುತ್ತಾರೆ. ಅದೇ ಬರ್‌ನಲ್ಲಿ ಇನ್ನಷ್ಟು ತಿಕ್ಕಿದರೆ ಚರಂಡಿ ಆಳವಾಗುತ್ತದೆಯೇ ಹೊರತು ಏಣು ಹೋಗುವುದಿಲ್ಲ. ತುದಿಯಲ್ಲಷ್ಟೇ ಕೊರೆಯುವ ಬರ್ ಅಥವಾ ಇನ್ನೂ ದಪ್ಪ ತುದಿಯ ಬರ್ ಹಿಡಿದು ಏಣನ್ನು ತೆಗೆಯಬೇಕು. ಹಾಗಾಗಿ ಮೊದಲು ವಸಡಿಗಿಂತ ಅರ್ಧ ಮಿ.ಮೀ. ಮೇಲೆ ನಿಲ್ಲುತ್ತೇನೆ, ವಸಡನ್ನು ಸರಿಸುವ 000 ಕಾರ್ಡ್ (ತೀರಾ ತೆಳು ದಾರ) ಇಟ್ಟ ಮೇಲೆ ಕೆಂಪು ಪಟ್ಟಿಯ ಸಣ್ಣ ಗ್ರಿಟ್ ಬರ್‌ನಲ್ಲಿ, ವೇಗ ತಗ್ಗಿಸಿ, ಕೆಳಕ್ಕೆ ಇಳಿಸುತ್ತೇನೆ. ನೀರು ಮಾತ್ರ ಒಂದು ಕ್ಷಣವೂ ನಿಲ್ಲಬಾರದು.

ಕಿತ್ತ ಹಲ್ಲಿನ ಜಾಗವನ್ನು ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ತುಂಬುವ ಬ್ರಿಡ್ಜ್‌ನಲ್ಲಿ ಕಷ್ಟ ಬೇರೆ. 36 ಕಿತ್ತು ವರ್ಷಗಳಾಗಿದ್ದರೆ ಅದರ ಹಿಂದಿನ 37 ಖಾಲಿ ಜಾಗದ ಕಡೆಗೆ ವಾಲಿರುತ್ತದೆ. ಅದರ ನಿಲುವಿಗೇ ಪ್ರೆಪ್ ಮಾಡಿದರೆ ಖಾಲಿ ಜಾಗದ ಮುಂದಿನ 35ರ ಜೊತೆ ಬ್ರಿಡ್ಜ್ ಇಳಿಯುವುದಿಲ್ಲ. 35ರ ದಿಕ್ಕಿಗೆ ಬರ್ ಹಿಡಿದು 37ರ ಮುಂಗೋಡೆಯನ್ನು ಜಾಸ್ತಿ ತೆಗೆಯಬೇಕಾಗುತ್ತದೆ. ಜೀವಂತ ಹಲ್ಲಾದರೆ ಪಲ್ಪ್ (ಒಳಗಿನ ನರದ ಭಾಗ) ಎಷ್ಟು ದೂರವಿದೆ ಎಂದು ಎಕ್ಸ್‌ರೇಯಲ್ಲಿ ಮೊದಲೇ ನೋಡಿರಬೇಕು. ವಾಲಿಕೆ 25 ಡಿಗ್ರಿ ದಾಟಿದ್ದರೆ ಬರ್ ಕೆಳಗಿಟ್ಟು, ಹಲ್ಲು ನೆಟ್ಟಗೆ ಮಾಡಿಸುವ ಅಥವಾ ಇಂಪ್ಲಾಂಟ್‌ನ ಮಾತು ಆಡುವುದು ಮೇಲು.

ಬ್ರಿಡ್ಜ್‌ನ ಹಲ್ಲುಗಳನ್ನು ಕೂಡಿಸುವ ಕನೆಕ್ಟರ್‌ಗೆ, ಹಿಂಬದಿಯ ಮೂರು ಯೂನಿಟ್‌ನ (ಮೂರು ಹಲ್ಲಿನ) ಬ್ರಿಡ್ಜ್‌ನಲ್ಲಿ, 9 ಚದರ ಮಿ.ಮೀ. ಬೇಕು. ಅಗಲಕ್ಕಿಂತ ಎತ್ತರಕ್ಕೇ ಬೆಲೆ; ಎತ್ತರ ಎರಡರಷ್ಟಾದರೆ ಬಾಗುವ ಬಲ ತಡೆಯುವ ಶಕ್ತಿ ನಾಲ್ಕರಷ್ಟಾಗುತ್ತದೆ. ಹಲ್ಲು ಗಿಡ್ಡವಿದ್ದು ಪಾಂಟಿಕ್‌ನ (ನಡುವಿನ ಕೃತಕ ಹಲ್ಲಿನ) ಎರಡೂ ಪಕ್ಕ 3 ಮಿ.ಮೀ. ಎತ್ತರ ಸಿಗದಿದ್ದರೆ ಲ್ಯಾಬ್‌ನವರು ಕನೆಕ್ಟರನ್ನು ವಸಡಿನ ಮೇಲೆ ಒತ್ತುತ್ತಾರೆ, ಅಲ್ಲಿ ಬ್ರಷ್ ಆಡುವುದಿಲ್ಲ.

ಕೊನೆಗೆ, ಸ್ಕ್ಯಾನರ್ ಎತ್ತಿಕೊಳ್ಳುವ ಮೊದಲು, ಒಂದು ಕಣ್ಣು ಮುಚ್ಚಿ ಮೇಲಿನಿಂದ ಕನ್ನಡಿ ಹಿಡಿಯುತ್ತೇನೆ. ಕನ್ನಡಿಯನ್ನು ವಾಲಿಸದೆ ಬ್ರಿಡ್ಜ್ ಹೊರುವ ಎರಡೂ ಹಲ್ಲುಗಳ ಮಾರ್ಜಿನ್ ಸುತ್ತಲೂ ಕಾಣಬೇಕು. ವಾಲಿಸಿದರೆ ಮಾತ್ರ ಕಾಣುವ ಕಡೆ ಅಂಡರ್‌ಕಟ್ (ಬ್ರಿಡ್ಜ್ ಇಳಿಯಲು ಬಿಡದ ಒಳತಗ್ಗು) ಉಳಿದಿದೆ.