ಎರಡೇ ಸೀಟಿನ ಕಾರು, ಐದು ಜನರ ಮನೆ

ಕಾರು ಮನೆಗೆ ಬಂದ ದಿನ ಆಯಿ, ಅಂದರೆ ನನ್ನ ಅಮ್ಮ, ಅದಕ್ಕೆ ಒಂದು ಸುತ್ತು ಹಾಕಿದಳು. ಒಳಗೆ ಇಣುಕಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ತಮಾ, ಹಿಂದಿನ ಸೀಟು ಎಲ್ಲಿದ್ದು?"

ಹಿಂದಿನ ಸೀಟು ಇಲ್ಲ. ಗಟ್ಟಿ ಚಾವಣಿಯೂ ಇಲ್ಲ, ಬಟ್ಟೆಯ ಹುಡ್ ಅಷ್ಟೆ. ಅಪ್ಪಯ್ಯ ಜಗುಲಿಯಿಂದ ಇಳಿಯಲೇ ಇಲ್ಲ, ಕವಳದ (ಎಲೆ ಅಡಿಕೆಯ) ಬಟ್ಟಲು ಹತ್ತಿರ ಎಳೆದುಕೊಂಡರು. ಹೆಂಡತಿಗೆ ನಾನು ಮೊದಲೇ ಹೇಳಿದ್ದೆ. ಆದರೆ ಬೆಲೆ ಹೇಳುವಾಗ ಮೂವತ್ತು ಸಾವಿರ ಕಡಿಮೆ ಹೇಳಿದ್ದೆ. ಸೊಸೈಟಿಯಲ್ಲಿ ಲೆಕ್ಕ ಬರೆಯುವವನು ನಾನು, ಆದರೂ ಇಂಥ ತಪ್ಪು ಮಾಡಿದೆ. ಅದರ ಬಡ್ಡಿ ಎರಡು ವರ್ಷ ಕಟ್ಟಿದ್ದೇನೆ.

ನಮ್ಮದು ಶಿರಸಿಯಿಂದ ಸ್ವಲ್ಪ ದೂರದ ಹಳ್ಳಿ. ಎರಡು ಎಕರೆ ಅಡಿಕೆ ತೋಟ. ಮನೆಯಲ್ಲಿ ಆಯಿ, ಅಪ್ಪಯ್ಯ, ನಾನು, ಹೆಂಡತಿ, ಹನ್ನೆರಡರ ಮಗಳು. ಮಗ ಆಗ ಮೂರು ವರ್ಷದ ಪುಟ್ಟ, ಅವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಏಳಾಗಿದೆ, ಈಗ ಹಿಡಿಯಲೇಬೇಕು. ಶೀರ್ಷಿಕೆಯಲ್ಲಿ ಐದು ಜನ ಅಂದಿದ್ದಕ್ಕೆ ಅವನು ಜಗಳ ತೆಗೆಯುತ್ತಾನೆ, ಗೊತ್ತು.

ಕಾರು ಸ್ಯಾನ್ ಸ್ಟಾರ್ಮ್, 2003ರ ಮಾಡೆಲ್. ಬೆಂಗಳೂರಿನ ಕಂಪನಿಯೊಂದು ನಮ್ಮ ದೇಶದಲ್ಲೇ ಮಾಡಿದ ಎರಡು ಸೀಟಿನ ಪುಟ್ಟ ಕಾರು. ಮೈ ಎಲ್ಲ ಫೈಬರ್ ಗ್ಲಾಸ್. ಎಂಜಿನ್ ರೆನೋದ 1149 ಸಿಸಿ, ಹೊರದೇಶದಲ್ಲಿ ಕ್ಲಿಯೋ, ಟ್ವಿಂಗೋ ಕಾರುಗಳಿಗೆ ಹಾಕುತ್ತಿದ್ದದ್ದು. ಶಕ್ತಿ ಸುಮಾರು 60 ಕುದುರೆ. ಇವತ್ತಿನ ಸಾದಾ ಕಾರುಗಳೇ ಇದಕ್ಕಿಂತ ಜೋರಾಗಿ ಓಡುತ್ತವೆ, ಸುಳ್ಳು ಯಾಕೆ ಹೇಳಲಿ. ಆದರೆ ನೆಲಕ್ಕೆ ಅಂಟಿದ ಹಾಗೆ ಕುಳಿತು, ತಲೆ ಮೇಲೆ ಬರೀ ಆಕಾಶ ಇಟ್ಟುಕೊಂಡು ತಿರುವಿನಲ್ಲಿ ಹೋಗುವಾಗ ಐವತ್ತರ ವೇಗವೂ ನೂರರ ಹಾಗೆ ಕಾಣುತ್ತದೆ. ನಮ್ಮ ಕಡೆಯ ರಸ್ತೆಗೆ ಅಷ್ಟೇ ಸಾಕು. ಊರಿನ ಹುಡುಗರು ಇದಕ್ಕೆ ಚಪ್ಪಲಿ ಅಂತ ಹೆಸರಿಟ್ಟಿದ್ದಾರೆ.

ಇಂಥ ಕಾರು ಕೊಳ್ಳುವ ಆಸೆ ಇದ್ದವರಿಗೆ ಮೊದಲು ಒಂದು ಮಾತು. ಮನೆಯಲ್ಲಿ ಎಲ್ಲರೂ ಹೋಗಬಹುದಾದ ಇನ್ನೊಂದು ಕಾರು ಇರಲೇಬೇಕು. ನಮಗೆ ಹಳೆಯ ಐದು ಸೀಟಿನದ್ದು ಇತ್ತು, ಅದನ್ನು ಮಾರಲಿಲ್ಲ. ಮಾರಿದ್ದರೆ ಈ ಲೇಖನದ ಬದಲು ಬೇರೆ ಯಾವುದೋ ಅರ್ಜಿ ಬರೆಯುತ್ತಿದ್ದೆ.

ಕಾಗದದ ಕಥೆ ಬೇಗ ಮುಗಿಸುತ್ತೇನೆ. 2021ರಲ್ಲಿ ಗೋವಾದಿಂದ ತಂದದ್ದು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಮಾರಿದವರು ಪತ್ರ ಇವತ್ತು ಕೊಡುತ್ತೇನೆ ನಾಳೆ ಕೊಡುತ್ತೇನೆ ಅಂತ ಐದು ತಿಂಗಳು ಎಳೆದರು. ದುಡ್ಡು ಪೂರ್ತಿ ಕೊಟ್ಟುಬಿಟ್ಟಿದ್ದೆ, ಅದೇ ನನ್ನ ಪೆದ್ದುತನ. ಪತ್ರ ಕೈಗೆ ಬರುವವರೆಗೆ ಒಂದಿಷ್ಟು ಹಣ ಹಿಡಿದಿಟ್ಟುಕೊಳ್ಳಿ. ಕೊನೆಗೆ ಕೆಎ 31 ನಂಬರ್ ಬಂತು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2023ರಲ್ಲಿ ನಾನು ಮಾಡಿಸಿದಾಗ ಶುಲ್ಕ 5,000 ರೂಪಾಯಿ ಇತ್ತು. 20 ವರ್ಷ ದಾಟಿದವಕ್ಕೆ 2025ರಿಂದ ಅದು 10,000. ಥರ್ಡ್ ಪಾರ್ಟಿ ವಿಮೆ ಈ ಅಳತೆಯ ಎಂಜಿನ್‌ಗೆ ವರ್ಷಕ್ಕೆ 3,416 ರೂಪಾಯಿ, ಮೇಲೆ ಜಿಎಸ್‌ಟಿ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ನಮ್ಮ ಕಡೆ ಹುಡ್ ತೆಗೆದು ಕಾರು ಓಡಿಸುವ ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಮಳೆ, ಮಾರ್ಚ್ ಕಳೆದರೆ ಧೂಳು ಮತ್ತು ಸೆಕೆ. ಅಡಿಕೆ ಕೊಯ್ಲಿನ ಕಾಲವೂ ಅದೇ ನವೆಂಬರ್‌ನಿಂದ ಫೆಬ್ರವರಿ! ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವವನು, ಯಾವ ದಿನ ಬರುತ್ತಾನೋ ಆ ದಿನ ಮನೆಯವರೆಲ್ಲ ತೋಟದಲ್ಲಿರಬೇಕು. ಅವನು ಒಂದು ಸಲ ತಪ್ಪಿದರೆ ಮತ್ತೆ ಸಿಗುವುದು ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ. ಈಗ ಮರ ಹತ್ತುವವರೇ ಇಲ್ಲ ಅಲ್ವಾ.

ಮೊದಲ ವರ್ಷ ಡಿಸೆಂಬರ್‌ನ ಒಂದು ಭಾನುವಾರ. ಬೆಳಿಗ್ಗೆ ಐದೂವರೆಗೆ ಎದ್ದು ಒಬ್ಬನೇ ಹೊರಟೆ. ಕುಮಟಾ ರಸ್ತೆ, ದೇವಿಮನೆ ಘಟ್ಟ. ಮಂಜು ಇತ್ತು, ಕಿವಿ ಮರಗಟ್ಟುವಷ್ಟು ಚಳಿ. ಕೊನೆಗೌಡ ಎಂಟೂವರೆಗೆ ಬರುತ್ತೇನೆ ಅಂದಿದ್ದ, ನಾನು ಎಂಟಕ್ಕೆ ಮನೆಯಲ್ಲಿ ಇರುತ್ತೇನೆ ಅಂದುಕೊಂಡಿದ್ದೆ. ವಾಪಸ್ ಬರುವಾಗ ರಾಗಿಹೊಸಳ್ಳಿ ಹತ್ತಿರ ಎಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಬಾನೆಟ್ ಎತ್ತಿದರೆ ಒಳಗೆ ಒಣ ಹುಲ್ಲು, ಅಡಿಕೆ ಸಿಪ್ಪೆಯ ನಾರು, ಯಾರದೋ ಹಳೇ ಸೀರೆಯ ಚೂರು. ಇಲಿ ಬಾಣಂತಿ ಕೋಣೆ ಮಾಡಿಕೊಂಡಿತ್ತು. ಎರಡು ವೈರು ಕಡಿದಿತ್ತು. ಆ ಸೀರೆ ಚೂರು ಆಯಿಯದ್ದು ಅಂತ ಗುರುತು ಸಿಕ್ಕಿತು.

ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಲಿನ ಗಾಡಿಯವರು ಒಬ್ಬರು ನಿಲ್ಲಿಸಿ, ವೈರು ತಿರುಚಿ ಟೇಪು ಸುತ್ತಿ ಕೊಟ್ಟರು. ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ತೋಟಕ್ಕೆ ಓಡಿದರೆ, ಕೊನೆಗೌಡ ಮರದ ಮೇಲಿದ್ದ. ಕೆಳಗೆ ಹಗ್ಗ ಹಿಡಿದು ನಿಂತವರು ಅಪ್ಪಯ್ಯ, ಎಪ್ಪತ್ನಾಲ್ಕು ವರ್ಷ, ಒಂದು ಮೊಣಕಾಲು ಸರಿ ಇಲ್ಲ. ಕೊನೆಗಳು ಹಗ್ಗದ ಮೇಲೆ ಸರ್ರನೆ ಜಾರಿ ಬರುತ್ತಿದ್ದವು, ಹೆಂಡತಿ ಬಿಡಿಸಿ ರಾಶಿ ಹಾಕುತ್ತಿದ್ದಳು. ನನ್ನನ್ನು ನೋಡಿ ಯಾರೂ ಮಾತಾಡಲಿಲ್ಲ. ಕೊನೆಗೌಡ ಮಾತ್ರ ಮೇಲಿಂದ ಕೂಗಿದ: "ಭಟ್ರೆ, ಚಪ್ಪಲಿ ಹರೀತಾ?"

ಆ ರಾತ್ರಿ ಹೆಂಡತಿ ಮಾತಾಡಿದಳು. ಕಾರು ಮಾರು ಅನ್ನಲಿಲ್ಲ, ನಾನು ಅದನ್ನೇ ಕಾಯುತ್ತಿದ್ದೆ. "ನಿಮಗೆ ಭಾನುವಾರ ಬೆಳಿಗ್ಗೆ ಮೂರು ತಾಸು ಸಿಗ್ತದೆ. ನನಗೆ ವಾರದಲ್ಲಿ ಯಾವಾಗ ಮೂರು ತಾಸು ಸಿಗ್ತದೆ, ಹೇಳಿ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಪಾಳಿ ಬರೆದೆವು. ಒಂದು ಭಾನುವಾರ ನಾನು ಮತ್ತು ಇನ್ನೊಬ್ಬರು. ಆ ಇನ್ನೊಬ್ಬರು ಸರದಿಯಂತೆ ಬದಲಾಗುತ್ತಾರೆ. ಮುಂದಿನ ಭಾನುವಾರ ಹೆಂಡತಿಯದ್ದು. ಕಾರು ಬೇಕಾದರೆ ಕಾರು, ನಿದ್ದೆ ಬೇಕಾದರೆ ನಿದ್ದೆ. ಆ ದಿನ ಆಸರಿ (ಬೆಳಗಿನ ಚಹಾ), ತಿಂಡಿ, ಕೊಟ್ಟಿಗೆ ಕೆಲಸ ನನ್ನದು. ಕೊನೆಗೌಡ ಬರುವ ದಿನ ಕಾರಿನ ಬೀಗದ ಕೈ ಮುಟ್ಟುವಂತಿಲ್ಲ. ನಾನೊಬ್ಬನೇ ಹೋಗುವುದು ತಿಂಗಳಿಗೆ ಒಂದೇ ಸಲ, ಅದೂ ಎಂಟರೊಳಗೆ ವಾಪಸ್. ಮೊದಮೊದಲು ಇದು ಶಿಕ್ಷೆ ಅಂತಲೇ ಅನಿಸಿತ್ತು.

ಆದರೆ ಎರಡು ಸೀಟಿನಲ್ಲಿ ಒಂದು ಗುಣ ಇದೆ, ಅದು ನನಗೆ ಕೊಳ್ಳುವಾಗ ಹೊಳೆದಿರಲಿಲ್ಲ. ಐದು ಸೀಟಿನ ಕಾರಿನಲ್ಲಿ ಎಲ್ಲರೂ ಹೋದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರ ಮಾತೂ ಪೂರ್ತಿ ಕೇಳುವುದಿಲ್ಲ. ಇದರಲ್ಲಿ ಒಬ್ಬರೇ. ಮಗಳನ್ನು ಜನವರಿಯಲ್ಲಿ ಕುಮಟಾಕ್ಕೆ ಕರೆದುಕೊಂಡು ಹೋಗಿದ್ದೆ, ಸುಮಾರು 60 ಕಿಲೋಮೀಟರ್. ಘಟ್ಟ ಇಳಿಯುವವರೆಗೆ ಟೋಪಿ ಕಿವಿ ತನಕ ಎಳೆದುಕೊಂಡು ಸುಮ್ನೆ ಕುಳಿತಿದ್ದಳು. ಘಟ್ಟದ ಕೆಳಗೆ ಗಾಳಿ ಬೆಚ್ಚಗಾಗುತ್ತದೆ. ಹುಡ್ ಇಲ್ಲದಿದ್ದರೆ ಅದು ಒಂದೇ ತಿರುವಿನಲ್ಲಿ ಮುಖಕ್ಕೆ ಗೊತ್ತಾಗುತ್ತದೆ. ಅಲ್ಲಿ ಟೋಪಿ ತೆಗೆದಳು, ಗಣಿತದಲ್ಲಿ ಬಂದ ಅಂಕ ಹೇಳಿದಳು. ಮನೆಯಲ್ಲಿ ಹೇಳಿದ್ದ ಅಂಕವೇ ಬೇರೆ ಇತ್ತು. ಬೆಲೆ ಕಡಿಮೆ ಹೇಳಿದ ನಾನು ಏನು ಬೈಯಲಿ? ಕುಮಟಾದಲ್ಲಿ ಬನ್ಸ್ ತಿಂದು, ಸಮುದ್ರ ನೋಡಿ ಮತ್ತೆ ಘಟ್ಟ ಹತ್ತಿದೆವು.

ಅಪ್ಪಯ್ಯನ ಸರದಿ ಬಂದದ್ದು ತಡವಾಗಿ. ತಗ್ಗಿನ ಸೀಟಿಗೆ ವಯಸ್ಸಾದವರು ಇಳಿಯುವುದೇ ದೊಡ್ಡ ಕೆಲಸ. ಮೊದಲು ಬೆನ್ನು ತಿರುಗಿಸಿ ಸೀಟಿನ ಮೇಲೆ ಅಡ್ಡ ಕೂರಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಳ್ಳಬೇಕು. ಏಳುವಾಗ ಇನ್ನೂ ಕಷ್ಟ. ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಸ್ವಲ್ಪ ಇಳಿಜಾರು ನೋಡಿ, ಅವರ ಬಾಗಿಲು ಇಳಿಜಾರಿನ ಕಡೆ ಬರುವ ಹಾಗೆ ಅಡ್ಡ ನಿಲ್ಲಿಸುತ್ತೇನೆ. ಆಗ ಕಾಲು ಕೆಳಗೆ ಸಿಗುತ್ತದೆ, ಮೊಣಕಾಲಿನ ಮೇಲೆ ಭಾರ ಕಡಿಮೆ. ಮರೆಯದೆ ಗೇರಿನಲ್ಲಿ ಇಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಹೋಗಿದ್ದು ಬನವಾಸಿಗೆ. ಮಧುಕೇಶ್ವರನಿಗೆ ಕೈಮುಗಿದು, ವರದಾ ನದಿ ದಡದಲ್ಲಿ ಕವಳ ಹಾಕಿ, "ರಸ್ತೆ ಬಾಳ ಹತ್ರ ಕಾಣ್ತು" ಅಂದರು. ಹೊಗಳಿಕೆಯೋ ದೂರೋ ಈಗಲೂ ಗೊತ್ತಾಗಿಲ್ಲ.

ಆಯಿ ಒಂದೇ ಸಲ ಬಂದಿದ್ದಾಳೆ, ಸೋಂದೆಗೆ. ತಲೆಗೆ ಶಾಲು ಬಿಗಿಯಾಗಿ ಕಟ್ಟಿಕೊಂಡು ಕುಳಿತಳು. ಇನ್ನು ಬೇಡ ಅಂದಿದ್ದಾಳೆ, ಎಲ್ಲರೂ ನೋಡುತ್ತಾರಂತೆ.

ಮಗನ ವಿಷಯದಲ್ಲಿ ಹೆಂಡತಿ ಕಟ್ಟುನಿಟ್ಟು. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ದೊಡ್ಡವರ ಬೆಲ್ಟು ಚಿಕ್ಕವರಿಗೆ ಕುತ್ತಿಗೆಗೆ ಬರುತ್ತದೆ. ಹಾಗಾಗಿ ಅವನಿಗೆ ಬೂಸ್ಟರ್ ಸೀಟು ತರಿಸಿದೆವು. ಅವನ ಪಾಳಿಯಲ್ಲಿ ಘಟ್ಟ ಇಲ್ಲ, ಸಹಸ್ರಲಿಂಗದ ತನಕ ಅಷ್ಟೆ. ಅಕ್ಕನ ತೊಡೆ ಮೇಲೆ ಕುಳಿತು ಬರುತ್ತೇನೆ ಅಂತ ಎಷ್ಟು ಅತ್ತರೂ ಮೂರನೆಯವರು ಇಲ್ಲ.

ಇಂಥ ಕಾರು ಹಳೆಯದಾಗುವುದು ಓಡಿ ಅಲ್ಲ, ನಿಂತು. ನನ್ನದು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಆದರೂ ಎಂಜಿನ್ನಿನ ರಬ್ಬರ್ ಪಟ್ಟಿ, ಅದೇ ಟೈಮಿಂಗ್ ಬೆಲ್ಟನ್ನು, ವರ್ಷದ ಲೆಕ್ಕದಲ್ಲಿ ಬದಲಿಸಬೇಕು, ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 1421 ಅಂತ ಇದ್ದರೆ 2021ರ ಹದಿನಾಲ್ಕನೇ ವಾರ ಮಾಡಿದ್ದು. ನನ್ನ ಕಾರಿನ ಜೊತೆ ಬಂದ ಟೈರುಗಳು ಹೊಸದರ ಹಾಗೆ ಹೊಳೆಯುತ್ತಿದ್ದವು, ಅಂಕಿ ನೋಡಿದರೆ ಹನ್ನೊಂದು ವರ್ಷ ಹಳೆಯವು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಯಲ್ಲಿ ಕೇಳಬೇಕೇ? ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಈಗ ಪೆಟ್ರೋಲಿನಲ್ಲಿ 20% ಎಥೆನಾಲ್ ಬರುವುದರಿಂದ ಹಳೆಯ ಪೆಟ್ರೋಲ್ ಪೈಪುಗಳನ್ನೂ ತೆಗೆಸಿ ಅದನ್ನು ತಡೆಯುವಂಥವು ಹಾಕಿಸಿದೆ.

ಮಳೆಗಾಲಕ್ಕೆ ಕಾರು ಮಲಗಿಸುವ ಕ್ರಮ ಇದೆ. ಮೇ ಕೊನೆಗೆ ತೊಳೆದು, ಪೂರ್ತಿ ಒಣಗಿಸಿ, ಟ್ಯಾಂಕ್ ತುಂಬಿಸುತ್ತೇನೆ, ಖಾಲಿ ಜಾಗದಲ್ಲಿ ತೇವ ಕೂರಬಾರದಲ್ಲ. ಹಳೆಯ ದನದ ಕೊಟ್ಟಿಗೆಯೇ ಅದರ ಮನೆ. ಹ್ಯಾಂಡ್‌ಬ್ರೇಕ್ ಎಳೆದಿಡುವುದಿಲ್ಲ. ಎಳೆದರೆ ತಿಂಗಳೊಪ್ಪತ್ತಿನಲ್ಲಿ ಬ್ರೇಕ್ ಕಚ್ಚಿಕೊಂಡು ಬಿಡುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಬ್ಯಾಟರಿಯ ನೆಗೆಟಿವ್ ಕಳಚುತ್ತೇನೆ. ಬಾನೆಟ್ ಒಳಗೆ ತಂಬಾಕಿನ ಎಲೆಯ ಪೊಟ್ಟಣ, ಕೆಳಗೆ ಇಲಿ ಬೋನು. ಪೊಟ್ಟಣಕ್ಕಿಂತ ಬೋನು ಮೇಲು. ಸೀಟಿಗೆ ಬೂಷ್ಟು ಬರುತ್ತದೆ, ವಾರಕ್ಕೊಮ್ಮೆ ಒರೆಸುವುದು ಮಗಳ ಕೆಲಸ. ಸಂಬಳ ಇಪ್ಪತ್ತು ರೂಪಾಯಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲಂತೂ ಮಳೆಯಲ್ಲಿ ಸುಮ್ನೆ ತಿರುಗಲು ಘಟ್ಟ ಇಳಿಯುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ.

ಇನ್ನೊಂದು ಕಾಟ ರೋಡ್ ಹಂಪ್. ಶಾಲೆ ಎದುರು, ದೇವಸ್ಥಾನ ಎದುರು, ಕೆಲವು ಕಡೆ ಯಾವುದರ ಎದುರೂ ಅಲ್ಲ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಬೇಕು. ಒಮ್ಮೆ ಕತ್ತಲಲ್ಲಿ ನೇರ ಹತ್ತಿಸಿ ಮುಂದಿನ ಬಂಪರ್ ಬಿರುಕು ಬಿಡಿಸಿದೆ. ಶಿರಸಿಯ ಗ್ಯಾರೇಜುಗಳಲ್ಲಿ ತಗಡು ಬಡಿಯುವವರಿದ್ದಾರೆ, ಫೈಬರ್ ಮುಟ್ಟುವವರು ನನಗೆ ಸಿಗಲಿಲ್ಲ. ಕೊನೆಗೆ ಹೊಳೆದದ್ದು ದೋಣಿ! ತದಡಿ ಬಂದರಿನಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರೊಬ್ಬರನ್ನು ಹುಡುಕಿದೆ. ಬಿರುಕಿನ ಅಂಚು ಉಜ್ಜಿ, ಒಳಗಿನಿಂದ ಗಾಜಿನ ನಾರಿನ ಮ್ಯಾಟ್ ಇಟ್ಟು, ಬ್ರಷ್‌ನಿಂದ ಅಂಟಿನಂಥ ರೆಸಿನ್ ಬಳಿದು, ಗುಳ್ಳೆ ಉಳಿಯದ ಹಾಗೆ ಒತ್ತಿ ಒತ್ತಿ ತೆಗೆದರು. ಮೂರು ಪದರ. ಬಿಸಿಲಿಗೆ ಮಧ್ಯಾಹ್ನದೊಳಗೆ ಗಟ್ಟಿಯಾಯಿತು. ದುಡ್ಡು ತೆಗೆದುಕೊಳ್ಳುವಾಗ ಕೇಳಿದರು: "ಇದು ನೀರಲ್ಲೂ ಹೋಗ್ತದಾ?" ನಮ್ಮ ಮಳೆಗಾಲ ನೋಡಿದರೆ ಆ ಪ್ರಶ್ನೆ ತಪ್ಪಲ್ಲ.

ಹೆಂಡತಿ ಮೊದಲ ವರ್ಷದ ತನ್ನ ಭಾನುವಾರಗಳಲ್ಲೆಲ್ಲ ನಿದ್ದೆಯೇ ಮಾಡಿದಳು. ಎರಡನೇ ವರ್ಷ ಒಂದು ಬೆಳಿಗ್ಗೆ ಮೊಳೆಯಲ್ಲಿ ಬೀಗದ ಕೈ ಇರಲಿಲ್ಲ. ನಾನು ತೆಳ್ಳೇವು (ತೆಳು ದೋಸೆ) ಹಾಕುತ್ತಿದ್ದೆ, ಮೂರನೆಯದೂ ಕಾವಲಿಗೆ ಅಂಟಿಕೊಂಡಿತ್ತು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಗೇಟಿನ ಹತ್ತಿರ ಎಂಜಿನ್ ಸದ್ದು ಕೇಳಿತು. ಕೂದಲೆಲ್ಲ ಕೆದರಿ, ಮೂಗು ಕೆಂಪಗಾಗಿ ಒಳಗೆ ಬಂದಳು. ಎಲ್ಲಿಗೆ ಹೋಗಿದ್ದೆ ಅಂದೆ. ಹೇಳಲಿಲ್ಲ. "ಮೂರನೇ ಗೇರು ಸ್ವಲ್ಪ ಬಿಗಿ ಬೀಳ್ತದೆ, ನೋಡ್ಸಿ" ಅಂದು ಸ್ನಾನಕ್ಕೆ ನೀರು ಕಾದಿದೆಯೇ ಅಂತ ಬಚ್ಚಲಿನ ಕಡೆ ನಡೆದಳು. ಒಲೆಗೆ ಬೆಂಕಿ ಹಾಕಲು ನಾನು ಮರೆತಿದ್ದೆ.