ಗಿಗಾಬಿಟ್ ತಂತಿಯಲ್ಲಿ ಹನ್ನೊಂದೇ ಎಂಬಿ? ಎಂಟರ ಲೆಕ್ಕ ಹಾಕಿ ನೋಡಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನ ಭಾವಮೈದುನನ ಫೋಟೊ ಸ್ಟುಡಿಯೊ ಇದೆ. ಬೇಲೂರಿನ ಮದುವೆಯೊಂದರ 60 ಜಿಬಿ ವಿಡಿಯೊವನ್ನು ಮುಂಗೋಣೆಯ ಕಂಪ್ಯೂಟರಿನಿಂದ ಒಳಗಿನ ಎಡಿಟಿಂಗ್ ಕಂಪ್ಯೂಟರಿಗೆ ಸಾಗಿಸುತ್ತಾ ಕುಳಿತಿದ್ದ. ಎರಡರಲ್ಲೂ ಗಿಗಾಬಿಟ್ ವೇಗದ ನೆಟ್‌ವರ್ಕ್ ಕಿಂಡಿ, ನಡುವೆ ಹದಿನೈದು ಮೀಟರ್ ಕೇಬಲ್. ಪರದೆಯ ಮೇಲೆ ಮಾತ್ರ ಸೆಕೆಂಡಿಗೆ 11.3 ಎಂಬಿ.

“ಭಾವ, ಸಾವಿರ ಎಂದು ಹೇಳಿ ಮಾರಿದರು, ಹನ್ನೊಂದು ಬರುತ್ತಿದೆ. ಈ ಕಂಪ್ಯೂಟರಿನ ಆಯುಷ್ಯ ಮುಗಿಯಿತು” ಎಂದ. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಒಂದು ಕಾಗದ, ಪೆನ್ನು ತಾ ಎಂದೆ. ಆ 11.3ರಲ್ಲೇ ರೋಗದ ಹೆಸರು ಬರೆದಿತ್ತು. ಓದುವ ಕ್ರಮ ಇದು.

ಮೊದಲು ಅಳತೆ ಯಾವುದೆಂದು ನೋಡಿ

ತಂತಿಯ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ. ಇಂಗ್ಲಿಷಿನಲ್ಲಿ ಸಣ್ಣ ‘ಬಿ’ ಬರೆದರೆ ಬಿಟ್, ದೊಡ್ಡ ‘ಬಿ’ ಬರೆದರೆ ಬೈಟ್. ಕನ್ನಡದಲ್ಲಿ ಎರಡೂ ‘ಎಂಬಿ’ ಆಗಿಬಿಡುತ್ತವೆ; ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಆದ್ದರಿಂದ ಲೆಕ್ಕ ಹಾಕುವಾಗ ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿ ಬರೆದುಕೊಳ್ಳಿ.

ಎಂಟರಿಂದ ಭಾಗಿಸಿ

ಒಂದು ಬೈಟ್‌ಗೆ ಎಂಟು ಬಿಟ್. ‘ಹಾಸನ’ ಎಂದು ಯೂನಿಕೋಡ್‌ನಲ್ಲಿ ಟೈಪಿಸಿದರೆ ಹ, ಅದರ ದೀರ್ಘ, ಸ, ನ ಎಂಬ ನಾಲ್ಕು ಸಂಕೇತಗಳು. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್. ಒಟ್ಟು 12 ಬೈಟ್, ಅಂದರೆ 96 ಬಿಟ್. ಊರಿನ ಹೆಸರು ತಂತಿಗೆ ಇಳಿಯಬೇಕಾದರೆ ಅಷ್ಟು ಸೊನ್ನೆ-ಒಂದುಗಳು ಸಾಲುಗಟ್ಟಿ ಹೋಗಬೇಕು.

ಹಾಗಾಗಿ 10 ಮೆಗಾಬಿಟ್ ಎಂದರೆ 1.25 ಮೆಗಾಬೈಟ್, 100 ಎಂದರೆ 12.5, ಗಿಗಾಬಿಟ್ ಅಂದರೆ 1,000 ಮೆಗಾಬಿಟ್ ಎಂದರೆ 125. ಮನೆಯ ಇಂಟರ್ನೆಟ್ ಯೋಜನೆಗೂ ಇದೇ ಭಾಗಾಕಾರ. ವೈಫೈ ಕಥೆ ಬೇರೆ. ಅಲ್ಲಿ ಗೋಡೆಗಳೂ ಪಾಲು ಕೇಳುತ್ತವೆ.

ಗೋಣಿಯ ತೂಕ ಕಳೆಯಿರಿ

ಆಲೂಗಡ್ಡೆ ಮೂಟೆ ತೂಗಿದ ಮೇಲೆ ಗೋಣಿಯ ತೂಕ ಕಳೆಯುವುದನ್ನು ಹಾಸನದವರಿಗೆ ಹೇಳಿಕೊಡಬೇಕಾಗಿಲ್ಲ. ತಂತಿಯಲ್ಲೂ ಸರಕು ಬರಿಮೈಯಲ್ಲಿ ಹೋಗುವುದಿಲ್ಲ. ಈಥರ್ನೆಟ್ ಎಂಬ ಈ ತಂತಿಜಾಲದ ಕ್ರಮದಲ್ಲಿ ಕಡತ ಫ್ರೇಮ್ ಎಂಬ ಸಣ್ಣ ಸಣ್ಣ ಮೂಟೆಗಳಾಗಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ತುಂಬಿದ ಫ್ರೇಮ್‌ನಲ್ಲಿ ನಿಮ್ಮ ಸರಕು 1,460 ಬೈಟ್. ಅದರ ಮೇಲೆ ಐಪಿ ಮತ್ತು ಟಿಸಿಪಿ ಎಂಬ ಸಾಗಣೆ ನಿಯಮಗಳ ವಿಳಾಸ-ವಿವರಕ್ಕೆ 40, ಈಥರ್ನೆಟ್‌ನ ತಲೆಬರಹ ಮತ್ತು ತಪ್ಪು ಹಿಡಿಯುವ ತಾಳೆಸಂಖ್ಯೆಗೆ 18, ‘ಬರುತ್ತಿದ್ದೇನೆ’ ಎಂಬ ಮುನ್ಸೂಚನೆಗೆ 8, ಮುಂದಿನ ಫ್ರೇಮ್‌ಗೆ ಮುಂಚೆ ಬಿಡುವ ಖಾಲಿ ಜಾಗಕ್ಕೆ 12. ಎಲ್ಲ ಸೇರಿ ತಂತಿಯ ಮೇಲೆ 1,538 ಬೈಟ್‌ಗಳ ಹೊತ್ತು ಹಿಡಿಯುತ್ತದೆ. 1,460 ಅನ್ನು 1,538ರಿಂದ ಭಾಗಿಸಿದರೆ ಸುಮಾರು 0.949. ಅಂದರೆ ನೂರಕ್ಕೆ ಐದರಷ್ಟು ಗೋಣಿ.

12.5 ಈಗ 11.87ಕ್ಕೆ ಇಳಿಯಿತು, 125 ಇಳಿದು 118.7 ಆಯಿತು.

ಪರದೆಯ ಎಂಬಿ ಬೇರೆ

ತಂತಿಯವರಿಗೆ ಮೆಗಾ ಎಂದರೆ ಹತ್ತು ಲಕ್ಷ. ವಿಂಡೋಸ್ ಮಾತ್ರ 1,024ನ್ನು 1,024ರಿಂದ ಗುಣಿಸಿ, 10,48,576 ಬೈಟ್‌ಗಳಿಗೆ ಒಂದು ಎಂಬಿ ಎನ್ನುತ್ತದೆ. 1998ರಲ್ಲಿ ಈ ದೊಡ್ಡ ಅಳತೆಗೆ ಮೆಬಿಬೈಟ್ ಎಂದು ಬೇರೆ ಹೆಸರಿಟ್ಟದ್ದಾಯಿತು, ವಿಂಡೋಸ್ ಕಿವಿಗೆ ಹಾಕಿಕೊಂಡಿಲ್ಲ. ಪರದೆಯ ಅಂಕಿ ಬೇಕಾದರೆ ಇನ್ನೊಮ್ಮೆ 1.0486ರಿಂದ ಭಾಗಿಸಿ: 100 ಮೆಗಾಬಿಟ್ ತಂತಿಗೆ 11.3, ಗಿಗಾಬಿಟ್‌ಗೆ 113.

11.3 ಎಂಬುದು ನಮ್ಮ ಸ್ಟುಡಿಯೊದ ಅಂಕಿಯೇ! ಕಂಪ್ಯೂಟರ್ ಸುಸ್ತಾಗಿದ್ದರೆ ವೇಗ ಒಮ್ಮೆ ಏಳು, ಒಮ್ಮೆ ಇಪ್ಪತ್ತು ಎಂದು ಎಲ್ಲೆಲ್ಲೋ ಅಲೆಯುತ್ತಿತ್ತು. ಗಡಿಗೆ ಬಂದು ಅಲುಗದೆ ನಿಂತಿದೆ ಎಂದರೆ, ಗಿಗಾಬಿಟ್ ಎಂದು ನಂಬಿದ ಜೋಡಣೆ ನೂರಕ್ಕೆ ಇಳಿದು ಓಡುತ್ತಿದೆ. ವಿಂಡೋಸ್‌ನ ನೆಟ್‌ವರ್ಕ್ ವಿವರದಲ್ಲಿ ಲಿಂಕ್ ಸ್ಪೀಡ್ ನೋಡಿದೆವು. 100 ಎಂದೇ ಇತ್ತು.

ಇಳಿದದ್ದು ಏಕೆ?

ಕೇಬಲಿನೊಳಗೆ ನಾಲ್ಕು ಜೋಡಿ, ಎಂಟು ಎಳೆಗಳಿವೆ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೂರಕ್ಕೆ ಬೇಡದ ಎರಡು ಜೋಡಿಗಳಲ್ಲಿ ಒಂದು ಎಳೆ ಕೈಕೊಟ್ಟರೆ ಉಪಕರಣಗಳು ಸಾಮಾನ್ಯವಾಗಿ ಸಂಪರ್ಕ ಕಡಿದುಕೊಳ್ಳುವುದಿಲ್ಲ, ಸದ್ದಿಲ್ಲದೆ ನೂರಕ್ಕೆ ಒಪ್ಪಿಕೊಳ್ಳುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಜಾಕನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಏಳು ಎಳೆಗಳ ತುದಿ ಹಿತ್ತಾಳೆ ಬಣ್ಣದ ಹಲ್ಲುಗಳ ಕೆಳಗೆ ಕುಳಿತಿದ್ದವು. ಕೊನೆಯ ಕಂದು ಎಳೆ ಒಂದು ಕೂದಲಿನಷ್ಟು ಹಿಂದೆಯೇ ನಿಂತುಬಿಟ್ಟಿತ್ತು. ತುದಿ ಕತ್ತರಿಸಿ ಹೊಸ ಜಾಕ್ ಒತ್ತಿದ್ದಾಯಿತು.

ಸಮಯದ ಲೆಕ್ಕಕ್ಕೆ ಪರದೆಯ ಗಾತ್ರವನ್ನು ಪರದೆಯ ವೇಗದಿಂದಲೇ ಭಾಗಿಸಿ. ಎರಡು ಅಳತೆ ಬೆರೆಸಬೇಡಿ. 60 ಜಿಬಿ ಎಂದರೆ 61,440 ಎಂಬಿ. 11.3ರ ವೇಗದಲ್ಲಿ ಒಂದೂವರೆ ಗಂಟೆ, 113ರಲ್ಲಿ ಒಂಬತ್ತು ನಿಮಿಷ. ಸಾವಿರಾರು ಸಣ್ಣ ಫೋಟೊಗಳಾದರೆ ಇನ್ನೂ ನಿಧಾನ. ಪ್ರತಿ ಕಡತಕ್ಕೂ ಬಾಗಿಲು ತೆರೆದು ಮುಚ್ಚುವ ಕೆಲಸವಿರುತ್ತದೆ.

ಮರುದಿನ ಬೆಳಿಗ್ಗೆ ಫೋನ್. “ಭಾವ, ಹಳೆಯ ಮದುವೆಗಳ ಹಾರ್ಡ್ ಡಿಸ್ಕ್ ಹಾಕಿದರೆ 34 ಮಾತ್ರ ಬರುತ್ತಿದೆ. ಕೇಬಲ್ ಮತ್ತೆ ಕತ್ತರಿಸಲೇ?”

ಕತ್ತರಿ ಕೆಳಗಿಡು ಎಂದೆ. ಯುಎಸ್‌ಬಿ 2.0 ಕಿಂಡಿಯ ವೇಗ 480 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 60. ಅದರ ಗೋಣಿ ಈಥರ್ನೆಟ್‌ನದಕ್ಕಿಂತ ಬಹಳ ಭಾರ, ಕೈಗೆ ಸಿಗುವುದು ಮೂವತ್ತರಿಂದ ನಲವತ್ತು. ಡಿಸ್ಕನ್ನು ಕಪ್ಪು ಕಿಂಡಿಯಿಂದ ತೆಗೆದು ಪಕ್ಕದ ನೀಲಿ ಕಿಂಡಿಗೆ, ಅಂದರೆ ಹೆಚ್ಚು ವೇಗದ ಯುಎಸ್‌ಬಿ 3.0ಕ್ಕೆ, ಹಾಕಲು ಹೇಳಿದೆ.